ಅಮೆರಿಕದ ಕಾರಿಗೆ ಗಟ್ಟಿ ದಾರ

ಲಮಾರಾಳ ಅಡುಗೆಮನೆಯ ಮೇಜಿನ ಮೇಲೆ ತಟ್ಟೆಗಳಿಗಿಂತ ಹೆಚ್ಚು ಹೊತ್ತು ಕಾರಿನ ಡ್ಯಾಶ್‌ಬೋರ್ಡುಗಳೇ ಇರುತ್ತಿದ್ದವು. ಅವತ್ತೂ ಒಂದು ಬಿದ್ದುಕೊಂಡಿತ್ತು, ಕರಿಯದು, ಬಲಗಡೆ ಹೊಟ್ಟೆ ಒಡೆದುಕೊಂಡು. ಒಲೆಯ ಮೇಲೆ ಲೋಬಿಯೊ ಕಾಳು ಬೇಯುತ್ತಿತ್ತು. ಅಂಟಿನ ವಾಸನೆಯೂ ಕೊತ್ತಂಬರಿಯ ವಾಸನೆಯೂ ಒಂದಕ್ಕೊಂದು ಜಗಳಕ್ಕೆ ಬಿದ್ದಿದ್ದವು.

"ಈ ಮನೇಲಿ ಉಂಡ್ರೆ ಕರುಳು ಕರುಳಿಗೆ ಅಂಟ್ಕೊಳ್ಳುತ್ತೆ," ಅಂತ ಅತ್ತೆ ವೆನೆರಾ ಕಿಟಕಿ ಪಕ್ಕದ ಕುರ್ಚಿಯಿಂದ ಗೊಣಗಿದಳು. ಎಂಬತ್ತೆರಡು ವರ್ಷದ ಮುದುಕಿ. ಕಿವಿ ಕೇಳಿಸದು ಅಂತ ಮನೆಯವರ ನಂಬಿಕೆ, ಬೇಕಾದ್ದೆಲ್ಲ ಕೇಳಿಸುತ್ತದೆ ಅಂತ ಅವಳಿಗೆ ಮಾತ್ರ ಗೊತ್ತು.

"ಅಂಟ್ಕೊಂಡ್ರೆ ಒಳ್ಳೇದಲ್ವಾ ಅತ್ತೆ, ಪದೇ ಪದೇ ಹಸಿವಾಗಲ್ಲ," ಅಂದಳು ಲಮಾರಾ.

ಮಗ ಮಾಲ್ಖಾಜ್ ಅಂಗಳದ ಗ್ಯಾರೇಜಿನಿಂದ ಕೈ ಒರೆಸಿಕೊಳ್ಳುತ್ತ ಬಂದ. ಮಡಕೆಯ ಮುಚ್ಚಳ ಎತ್ತಿ ನೋಡಿದ, ಮುಚ್ಚಿದ.

"ಇದು ನೀಲಿ ಕಾರಿಂದು. ನಾಳೆ ಬೆಳಿಗ್ಗೆಗೆ ಬೇಕಮ್ಮ."

"ಯಾವ ದಾರ?"

"ಗಟ್ಟಿದು."

ಅಷ್ಟೇ ಮಾತು. ಅಮ್ಮ ಮಗನ ನಡುವೆ ಹನ್ನೊಂದು ವರ್ಷದಿಂದ ಇಷ್ಟೇ. ಅಮೆರಿಕದ ಹರಾಜಿನಲ್ಲಿ ಮಾಲ್ಖಾಜ್ ಕೊಳ್ಳುತ್ತಿದ್ದುದು ಮೂತಿ ಜಜ್ಜಿದ ಕಾರುಗಳನ್ನು. ಗುದ್ದಿದಾಗ ಏರ್‌ಬ್ಯಾಗ್ ಸಿಡಿದು ಡ್ಯಾಶ್‌ಬೋರ್ಡು ಹರಿದಿರುತ್ತಿತ್ತು. ಹೊಸ ಏರ್‌ಬ್ಯಾಗ್ ಕೂರಿಸಿದರೆ ಅದರ ಮೇಲಿನ ಹೊಲಿಗೆಗೆ ತೆಳು ದಾರ ಹಾಕಬೇಕು, ಮತ್ತೆ ಗುದ್ದಿದಾಗ ಹೊಲಿಗೆ ಹರಿದುಕೊಂಡು ಚೀಲ ಹೊರಗೆ ಬರಬೇಕಲ್ಲ. ಒಳಗೆ ಬರೀ ಸ್ಪಂಜು ತುಂಬಿದ್ದರೆ ಗಟ್ಟಿ ದಾರ, ಬಿಸಿಲಿಗೆ ಸಡಿಲವಾಗದ ಹಾಗೆ. ಕೇಳಿ, ದುಡ್ಡು ಕೊಟ್ಟು ಹಾಕಿಸಿಕೊಂಡವರಿಗೆ ತೆಳು ದಾರ. ಕೇಳದವರಿಗೆ ಗಟ್ಟಿ. ಏರ್‌ಬ್ಯಾಗ್ ಅನ್ನುವ ಶಬ್ದ ಆ ಅಡುಗೆಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಕಾರು ಯಾರಿಗೆ ಅಂತಲೂ ಲಮಾರಾ ಕೇಳುತ್ತಿರಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ, ಅದೇ ಭಯ.

ಅವಳ ಗಂಡ ಅವರ ಊರು ರುಸ್ತಾವಿಯ ಉಕ್ಕಿನ ಕಾರ್ಖಾನೆಯಲ್ಲಿ ಇದ್ದವನು, ಎದೆ ಕಟ್ಟಿ ಸತ್ತ. ಅವಳು ಹೊಲಿಯುತ್ತಿದ್ದ ಬಟ್ಟೆ ಕಾರ್ಖಾನೆಗೆ ಬೀಗ ಬಿತ್ತು. ಮಗ ಇಪ್ಪತ್ತೊಂದನೇ ವಯಸ್ಸಿಗೆ ಗ್ಯಾರೇಜು ತೆಗೆದು ಅಜ್ಜಿಯನ್ನೂ ಅಮ್ಮನನ್ನೂ ಆಮೇಲೆ ಹೆಂಡತಿ ಟ್ಸಿರಾಳನ್ನೂ ಮಗಳು ಟಾಸೊಳನ್ನೂ ಸಾಕಿದ. ಆ ಹುಡುಗ ಸೋಮಾರಿಯಲ್ಲ, ಕುಡುಕನಲ್ಲ. ಇದನ್ನು ಯಾರೂ ಅಲ್ಲಗಳೆಯುವ ಹಾಗಿರಲಿಲ್ಲ, ಲಮಾರಾ ಅಂತೂ ದಿನಕ್ಕೊಂದು ಸಲ ತನಗೆ ತಾನೇ ಇದನ್ನು ಹೇಳಿಕೊಳ್ಳುತ್ತಿದ್ದಳು.

ನೀಲಿ ಕಾರು ಸಿದ್ಧವಾಗಿ ನಾಲ್ಕು ದಿನಕ್ಕೆ ಖಾತುನಾ ಬಂದಳು, ಗಂಡ ಝಾಝಾನನ್ನು ಕರೆದುಕೊಂಡು.

ಖಾತುನಾ ಬೇರೆ ಯಾರೋ ಅಲ್ಲ. ಲಮಾರಾಳ ಜೀವದ ಗೆಳತಿ ಗುಲಿಕೊಳ ಮಗಳು. ಎರಡು ವರ್ಷದ ಮಗುವಾಗಿದ್ದಾಗ ಚರ್ಚಿನಲ್ಲಿ ಜ್ಞಾನಸ್ನಾನದ ನೀರಿನಿಂದ ಅವಳನ್ನು ಎತ್ತಿಕೊಂಡವಳು ಲಮಾರಾ. ಹಾಗೆ ಎತ್ತಿಕೊಂಡವಳಿಗೆ ನಾತ್ಲಿಯಾ ಅನ್ನುತ್ತಾರೆ, ಹೆತ್ತವಳ ನಂತರದ ತಾಯಿ ಅವಳೇ. ಗುಲಿಕೊ ಸತ್ತ ಮೇಲೆ ಮದುವೆಯಲ್ಲಿ ಖಾತುನಾಳ ಕೈ ಹಿಡಿದು ನಿಂತವಳೂ ಲಮಾರಾನೇ. ಈಗ ಅವಳು ಹದಿನೆಂಟು ಕಿಲೋಮೀಟರ್ ಆಚೆಯ ಹಳ್ಳಿ ಶಾಲೆಯಲ್ಲಿ ಟೀಚರು, ಬೆಳಿಗ್ಗೆ ಒಂದು ಬಸ್ಸು ತಪ್ಪಿದರೆ ದಿನವೇ ಹೋಯಿತು.

ಅಂಗಳದಲ್ಲಿ ನೀಲಿ ಕಾರು ಮದುವೆಗೆ ಹೊರಟ ಹಾಗೆ ಹೊಳೆಯುತ್ತಿತ್ತು. ಖಾತುನಾ ಸುತ್ತಲೂ ಒಂದು ಸುತ್ತು ಬಂದಳು.

"ನಾತ್ಲಿಯಾ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದೇ ಕಾರು, ಇದೇ ವರ್ಷದ್ದು, ಜರ್ಮನಿಯಿಂದ ಬಂದದ್ದಕ್ಕೆ ಹನ್ನೊಂದು ಸಾವಿರ ಡಾಲರ್ ಹೇಳ್ತಾರೆ. ಇದಕ್ಕೆ ಏಳೂವರೆ. ಏನು ಕೊರತೆ ಇದಕ್ಕೆ?"

ಮಾಲ್ಖಾಜ್ ಬಾಯಿ ತೆರೆಯುವ ಮೊದಲೇ ಲಮಾರಾ ಮಾತೆತ್ತಿದಳು. ಯಾಕೆ ಎತ್ತಿದಳೋ, ಆಮೇಲೆ ವಾರಗಟ್ಟಲೆ ಯೋಚಿಸಿದರೂ ಅವಳಿಗೇ ತಿಳಿಯಲಿಲ್ಲ.

"ಹೇಳ್ತೀನಿ ಕೇಳು ಮಗಳೇ. ಅಲ್ಲಿನ ಲೆಕ್ಕವೇ ಬೇರೆ. ಅಮೆರಿಕದವರು ಬೆಲೆ ಹೇಳೋವಾಗ ತೆರಿಗೆ ಸೇರಿಸಲ್ಲ, ಕೊನೇಲಿ ಸೇರಿಸ್ತಾರೆ. ಯುರೋಪಿನವರು ಮೊದಲೇ ಸೇರಿಸಿಬಿಡ್ತಾರೆ, ಅದೂ ಕಮ್ಮಿ ತೆರಿಗೆ ಅಲ್ಲ. ಅಲ್ಲಿಗೆ ಹೊಸದರಲ್ಲೇ ಬೆಲೆ ಬೇರೆ ಆಯ್ತಾ? ಆಮೇಲೆ ಅಮೆರಿಕದಲ್ಲಿ ಅಂಗಡಿ ಮುಂದೆ ಸಾಲಾಗಿ ನಿಲ್ಲಿಸಿರ್ತಾರೆ, ಸಾವಿರ ಕಾರು ಒಂದೇ ಥರದ್ದು, ಕೈಗೆ ಸಿಕ್ಕಿದ್ದು ತಗೊಂಡು ಹೋಗ್ತಾರೆ. ಜರ್ಮನಿಯವನು ಕೂತು ನನಗೆ ಇಂಥ ಸೀಟು, ಇಂಥ ದೀಪ ಅಂತ ಬರೆಸಿ ಮಾಡಿಸ್ಕೋತಾನೆ. ಅಳತೆ ಕೊಟ್ಟು ಹೊಲಿಸಿದ್ದಕ್ಕೂ ಅಂಗಡೀಲಿ ನೇತುಹಾಕಿದ್ದಕ್ಕೂ ಒಂದೇ ಬೆಲೆ ಇರುತ್ತಾ?"

"ಅದು ಹೊಸ ಕಾರಿನ ಮಾತಾಯ್ತು," ಅಂದ ಝಾಝಾ. ಲೋಹದ ಬಾಗಿಲು ಮಾಡುವ ಕೆಲಸ ಅವನದು, ಮಾತು ಕಮ್ಮಿ, ಅನುಮಾನ ಜಾಸ್ತಿ. "ಇದು ಗುದ್ದಿಸಿಕೊಂಡು ಬಂದದ್ದಲ್ವಾ?"

"ಗುದ್ದಿಸಿಕೊಂಡದ್ದೇ. ಮುಚ್ಚಿಡೋದೇನಿದೆ? ಅಲ್ಲಿ ಒಂದು ಬಂಪರ್ ತಿದ್ದೋಕೆ ಕೇಳೋ ಕೂಲೀಲಿ ಇಲ್ಲಿ ಅರ್ಧ ಕಾರು ಕಟ್ಟಬಹುದು. ಅದಕ್ಕೇ ವಿಮೆಯವರು ಮಾಲೀಕನಿಗೆ ದುಡ್ಡು ಕೊಟ್ಟು ಕೈ ತೊಳ್ಕೋತಾರೆ, ಕಾರು ಹರಾಜಿಗೆ ಬರುತ್ತೆ. ಯುರೋಪಿನವರು ಅದನ್ನ ಮುಟ್ಟಲ್ಲ. ಇಂಡಿಕೇಟರ್ ಕೆಂಪಗೆ ಉರಿಯುತ್ತೆ, ಮೀಟರು ಮೈಲಿ ತೋರಿಸುತ್ತೆ, ಅದನ್ನೆಲ್ಲ ಬದಲಾಯಿಸಿ ಕಾಗದ ಮಾಡಿಸೋದ್ರಲ್ಲಿ ಅವರಿಗೆ ಸಾಕಾಗುತ್ತೆ. ಅವರು ಬಿಟ್ಟದ್ದು ನಮಗೆ ಅಗ್ಗ."

ಒಂದೊಂದೂ ನಿಜ. ಸುಳ್ಳು ಅನ್ನುವುದು ಅದರಲ್ಲಿ ಸಾಸಿವೆಯಷ್ಟೂ ಇರಲಿಲ್ಲ. ಖಾತುನಾ ಪಾಠ ಕೇಳುವ ಹುಡುಗಿಯ ಹಾಗೆ ತಲೆ ಆಡಿಸುತ್ತ ನಿಂತಿದ್ದಳು. ಇನ್ನೊಂದು ಕಾರಣ ಲಮಾರಾಳ ನಾಲಿಗೆಯ ಹಿಂದೆ ಬಂದು ನಿಂತಿತ್ತು, ಅಲ್ಲೇ ನಿಂತಿತು.

"ಹಾಗಾದ್ರೆ ಮಾಲ್ಖಾಜ್, ನೀನ್ಯಾಕೆ ಜರ್ಮನಿ ಕಾರಲ್ಲಿ ಓಡಾಡ್ತೀಯ?" ಅಂತ ಝಾಝಾ ಕೇಳಿದ.

ಮಾಲ್ಖಾಜ್ ನಕ್ಕ. "ಹೆಂಡತಿ ಆಸೆಪಟ್ಟಳು."

"ನಾನ್ಯಾವತ್ತು ಕೇಳಿದ್ದೆ?" ಅಡುಗೆಮನೆಯ ಕಿಟಕಿಯಿಂದ ಟ್ಸಿರಾಳ ದನಿ ಬಂತು. ಎಲ್ಲರೂ ನಕ್ಕರು, ಲಮಾರಾನೂ ನಕ್ಕಳು.

"ಏನೇ ಇರಲಿ, ನಾಳೆ ನಮ್ಮ ಕಡೆಯ ಮೆಕ್ಯಾನಿಕ್ ಒಬ್ಬನನ್ನ ಕರ್ಕೊಂಡು ಬಂದು ಒಂದ್ಸಲ..." ಅಂತ ಝಾಝಾ ಶುರುಮಾಡಿದ್ದೇ ತಡ, ಖಾತುನಾಳ ಮುಖ ಕೆಂಪಾಯಿತು.

"ನಾತ್ಲಿಯಾ ಮನೆ ಕಾರಿಗೆ ಮೆಕ್ಯಾನಿಕ್ಕಾ? ನಾಳೆ ಇವರು ಬಡಿಸಿದ ಊಟಾನೂ ಬೆಕ್ಕಿಗೆ ತಿನ್ನಿಸಿ ನೋಡ್ತೀಯೇನೋ. ನನ್ನ ಮಾನ ತೆಗೀಬೇಡ."

ಝಾಝಾ ಮೆಕ್ಯಾನಿಕ್ ಮಾತು ಕೈಬಿಟ್ಟ. ನೀರಿನಿಂದ ಎತ್ತಿಕೊಂಡವಳ ಮಾತನ್ನು ಪರೀಕ್ಷೆಗೆ ಹಚ್ಚುವುದು ಆ ಊರಿನಲ್ಲಿ ಯಾರೂ ಮಾಡದ ಕೆಲಸ, ಮಾಡಿದರೆ ನಾಲ್ಕು ಜನ ಉಗಿಯುತ್ತಾರೆ. ಲಮಾರಾ ಒಳಗೆ ಹೋಗಿ ಮೇಜಿನ ಮೇಲೆ ರೊಟ್ಟಿ, ಉಪ್ಪಿನಕಾಯಿ, ವೈನು ಇಟ್ಟಳು. ಕಾರಿನ ಹೆಸರಲ್ಲಿ ಎಲ್ಲರೂ ಲೋಟ ಎತ್ತಿದರು. ಖಾತುನಾ ಮಾತ್ರ "ನನ್ನ ನಾತ್ಲಿಯಾ ಹೆಸರಲ್ಲಿ" ಅಂತ ಎತ್ತಿದಳು.

ಅವರು ಹೋದ ಮೇಲೆ ತಟ್ಟೆ ತೊಳೆಯುತ್ತ ಲಮಾರಾ ತೀರ್ಮಾನಿಸಿದಳು. ಮಗನಿಗೆ ಹೇಳಬೇಕು. ಸ್ವಂತ ಹುಡುಗಿ ಅಂದ ಮೇಲೆ ಒಳಗಿನದನ್ನು ಹಾಕಿಯೇ ಕೊಡುತ್ತಾನೆ. ಹೇಳಬೇಕು ಅಂತ ಹೋದರೆ ಮಾಲ್ಖಾಜ್ ಸೋಫಾದ ಮೇಲೆ ಬೂಟು ಸಮೇತ ನಿದ್ದೆ ಹೋಗಿದ್ದ. ಮರುದಿನ ಬೆಳಿಗ್ಗೆ ಖಾತುನಾ ದುಡ್ಡು ಕೊಟ್ಟು ಕಾರು ತೆಗೆದುಕೊಂಡು ಹೋದಳು. ಮಧ್ಯಾಹ್ನದ ಊಟಕ್ಕೆ ಕೂತಾಗ ಆ ದುಡ್ಡು ಆಗಲೇ ಸಮುದ್ರದ ಆಚೆ ಸೇರಿತ್ತು.

"ಹರಾಜಲ್ಲಿ ಎರಡು ಕಾರು ಹಿಡಿದೆ ಅಮ್ಮ. ಹಡಗು ಹತ್ತಿಸ್ತಾ ಇದಾರೆ."

"ಖಾತುನಾಳ ಕಾರಿಗೆ..." ಅಂದಳು ಲಮಾರಾ.

ಮಾಲ್ಖಾಜ್ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಲಿಲ್ಲ. "ಗೊತ್ತು. ಹಡಗು ಬರಲಿ, ಹಾಕ್ತೀನಿ."

"ಏನು ಹಾಕ್ತೀಯ?" ಅಂತ ಟ್ಸಿರಾ ಕೇಳಿದಳು.

"ಒಂದು ಪಾರ್ಟು," ಅಂದ.

ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳು ಶುರುವಾದವು. ಮನೆಯಲ್ಲಿ ಚೀಸಿಲ್ಲ, ಮೊಟ್ಟೆಯಿಲ್ಲ, ಕಾಳು, ಸೊಪ್ಪು, ಅಕ್ರೋಟು. ಖಾತುನಾ ಮಾತ್ರ ಪ್ರತಿ ಶುಕ್ರವಾರ ಶಾಲೆಯಿಂದ ಬರುತ್ತ ನೀಲಿ ಕಾರು ನಿಲ್ಲಿಸಿ ಏನಾದರೂ ಕೊಟ್ಟು ಹೋಗುತ್ತಿದ್ದಳು. ಒಂದು ವಾರ ಹಳ್ಳಿಯ ಜೇನು, ಇನ್ನೊಂದು ವಾರ ಸೇಬು, ಮತ್ತೊಂದು ವಾರ ಅಜ್ಜಿಗೆ ಅಂತ ಉಣ್ಣೆಯ ಕಾಲುಚೀಲ.

"ಇದೇನು ಮಗಳೇ ಪ್ರತಿ ಸಲ?"

"ನೀವಿಲ್ದಿದ್ರೆ ನಂಗೆಲ್ಲಿ ಕಾರು ನಾತ್ಲಿಯಾ? ಈಗ ಬೆಳಿಗ್ಗೆ ಒಂದು ಗಂಟೆ ಜಾಸ್ತಿ ಮಲಗ್ತೀನಿ."

ಆ ಜೇನನ್ನು ಲಮಾರಾ ಮುಟ್ಟಲಿಲ್ಲ. ವೆನೆರಾ ಮುಟ್ಟಿದಳು, ಚಮಚ ನೆಕ್ಕುತ್ತ ಸೊಸೆಯ ಮುಖ ನೋಡಿದಳು. ಚರ್ಚಿನಲ್ಲಿ ಪಾಪ ಒಪ್ಪಿಕೊಳ್ಳುವ ಸಾಲಿನಲ್ಲಿ ಲಮಾರಾ ಎರಡು ಗಂಟೆ ನಿಂತಳು. ಪಾದ್ರಿಯ ಮುಂದೆ ಅತ್ತೆಗೆ ಎದುರುತ್ತರ ಕೊಟ್ಟದ್ದು ಹೇಳಿದಳು, ಉಪವಾಸದಲ್ಲಿ ಹಾಲು ಹಾಕಿದ ಕಾಫಿ ಕುಡಿದದ್ದು ಹೇಳಿದಳು. "ಇನ್ನೇನಾದ್ರೂ ಇದೆಯಾ?" ಅಂತ ಅವರು ಕೇಳಿದರು. "ಇಲ್ಲ," ಅಂದಳು. ಮನೆಗೆ ಬರುವ ದಾರಿಯಲ್ಲಿ ಕಾಲು ಎಳೆದುಕೊಂಡು ಬಂದಳು. ಮೊದಲು ಒಂದು ಪಾಪ ಇತ್ತು, ಈಗ ಎರಡಾಯಿತು.

ಹಡಗು ಬಂತು. ಎರಡು ಕಾರು ಬಂದವು. ಒಂದು ಮಾರಾಟವಾಯಿತು. ಖಾತುನಾಳ ಕಾರಿಗೆ ಯಾವಾಗ ಅಂತ ಲಮಾರಾ ಕೇಳಿದಳು. ಮಾಲ್ಖಾಜ್, "ಬಂದ ದುಡ್ಡೆಲ್ಲ ಸುಂಕಕ್ಕೂ ಬಣ್ಣಕ್ಕೂ ಹೋಯ್ತಮ್ಮ, ಇನ್ನೊಂದು ಮಾರಾಟ ಆಗಲಿ," ಅಂದ. ಇನ್ನೊಂದು ಬೆಳ್ಳಿ ಬಣ್ಣದ್ದು, ಅದರ ಬೂದು ಡ್ಯಾಶ್‌ಬೋರ್ಡು ಅಡುಗೆ ಮೇಜಿಗೆ ಬಂತು.

"ಯಾವ ದಾರ?" ಅಂದಳು ಅಭ್ಯಾಸಬಲದಿಂದ.

"ಗಟ್ಟಿದು."

ಅವಳು ಗಟ್ಟಿ ದಾರವನ್ನೇ ಪೋಣಿಸಿದಳು. ಕೈ ತನ್ನಷ್ಟಕ್ಕೆ ಹೊಲಿಯಿತು. ಅದೂ ಮಾರಾಟವಾಯಿತು, ದುಡ್ಡು ಮತ್ತೆ ಹಡಗು ಹತ್ತಿತು.

ಈಸ್ಟರ್ ಬಂತು. ಬಣ್ಣ ಬಿಡುವ ಬೇರು ಹಾಕಿ ಕೆಂಪಗೆ ಕುದಿಸಿದ ಮೊಟ್ಟೆಗಳನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ಲಮಾರಾ ಗುಲಿಕೊಳ ಸಮಾಧಿಗೆ ಹೊರಟಳು, ಪ್ರತಿ ವರ್ಷ ಹೋಗುವ ಹಾಗೆ. ಪ್ರತಿ ವರ್ಷ ಬಸ್ಸಲ್ಲಿ. ಈ ಸಲ ಖಾತುನಾ ಬಾಗಿಲಿಗೇ ಕಾರು ತಂದಳು. ಮುಂದಿನ ಸೀಟಿನಲ್ಲಿ ಕೂತ ಲಮಾರಾಳ ಮೂಗಿನ ನೇರಕ್ಕೆ ಅವಳದೇ ಹೊಲಿಗೆ.

"ಎಷ್ಟು ನೀಟಾಗಿದೆ ಅಲ್ವಾ? ನಿಮ್ಮ ಕೈಯದೇ ಅಂತೆ, ಮಾಲ್ಖಾಜ್ ಹೇಳ್ದ."

"ನಂದೇ," ಅಂದಳು. ದಾರಿಯುದ್ದಕ್ಕೂ ಬ್ರೇಕ್ ಹಿಡಿದಾಗಲೆಲ್ಲ ಅವಳ ಕೈ ಖಾತುನಾಳ ಎದೆಗೆ ಅಡ್ಡ ಹೋಗುತ್ತಿತ್ತು. "ನನ್ನ ಡ್ರೈವಿಂಗ್ ಮೇಲೆ ಇಷ್ಟೇನಾ ನಂಬಿಕೆ?" ಅಂತ ಖಾತುನಾ ನಕ್ಕಳು.

ಸಮಾಧಿಯ ಕಲ್ಲಿನ ಮೇಲೆ ಕೆಂಪು ಮೊಟ್ಟೆ ಉರುಳಿಸಿ, ವೈನು ಚೆಲ್ಲಿ, ಖಾತುನಾ ಅಮ್ಮನ ಹೆಸರನ್ನು ಅಂಗೈಯಿಂದ ಒರೆಸಿದಳು. ಆಮೇಲೆ ಎದ್ದು ನಿಂತು ಹೇಳಿದಳು.

"ಮೊದಲು ಇಲ್ಲೇ ಹೇಳಬೇಕು ಅಂತಿದ್ದೆ, ನಿಮ್ಮಿಬ್ಬರಿಗೂ ಒಟ್ಟಿಗೆ. ನಂಗೆ ಮೂರು ತಿಂಗಳು ನಾತ್ಲಿಯಾ."

ಆರು ವರ್ಷ ಕಾದ ಮಗು. ಲಮಾರಾ ಅವಳನ್ನು ತಬ್ಬಿಕೊಂಡು ಅತ್ತಳು. ಖಾತುನಾ ಅದನ್ನು ಸಂತೋಷ ಅಂದುಕೊಂಡಳು. ಸಂತೋಷವೂ ಇತ್ತು ಅನ್ನಿ, ಆದರೆ ಗೆಳತಿಯ ಹೆಸರು ಕೆತ್ತಿದ ಕಲ್ಲಿನ ಕಡೆ ನೋಡಲು ಲಮಾರಾಗೆ ಮುಖವಿರಲಿಲ್ಲ.

ಅವತ್ತು ಸಂಜೆ ಹಬ್ಬದ ಊಟಕ್ಕೆ ಐದೂ ಜನ ಕೂತಿದ್ದರು. ಚೀಸ್ ರೊಟ್ಟಿ, ಕುರಿಮಾಂಸ, ಟಾಸೊಳ ಕೈಯಲ್ಲಿ ಕೆಂಪು ಮೊಟ್ಟೆ. ಲಮಾರಾ ತಟ್ಟೆ ಮುಂದಕ್ಕೆ ತಳ್ಳಿದಳು.

"ಖಾತುನಾ ಬಸುರಿ."

"ದೇವರು ದೊಡ್ಡವನು," ಅಂದಳು ವೆನೆರಾ.

"ಮಾಲ್ಖಾಜ್, ನಾಳೆ ಅವಳ ಕಾರಿಗೆ ಏರ್‌ಬ್ಯಾಗ್ ಹಾಕು."

ಆ ಶಬ್ದ ಕೊನೆಗೂ ಮೇಜಿನ ಮೇಲೆ ಬಿತ್ತು. ಮಾಲ್ಖಾಜ್ ಹೆಂಡತಿಯ ಕಡೆ ನೋಡಿದ, ಅಮ್ಮನ ಕಡೆ ನೋಡಿದ.

"ಹಬ್ಬದ ದಿನ ಇದ್ಯಾವ ಮಾತಮ್ಮ?"

"ಅವಳ ಕಾರಲ್ಲಿ ಇಲ್ವಾ?" ಟ್ಸಿರಾ ಕೇಳಿದಳು. "ಒಂದೂ ಇಲ್ವಾ?"

"ಎರಡಕ್ಕೆ ಸಾವಿರದ ಮೇಲೆ ಡಾಲರ್ ಆಗುತ್ತೆ. ಅದನ್ನೂ ಸೇರಿಸಿದ್ರೆ ಅವಳಿಗೆ ಏಳೂವರೆಗೆ ಹೇಗೆ ಕೊಡ್ತಿದ್ದೆ? ಅಗ್ಗ ಬೇಕು ಅಂದ್ಳು, ಅಗ್ಗಕ್ಕೆ ಕೊಟ್ಟೆ."

"ಅವಳು ಕೇಳಿದ್ಳು ಕಣೋ. ಏನು ಕೊರತೆ ಅಂತ ಬಾಯಿಬಿಟ್ಟು ಕೇಳಿದ್ಳು."

"ಕೇಳಿದ್ದು ನಿನ್ನನ್ನ. ಉತ್ತರ ಕೊಟ್ಟೋಳೂ ನೀನೇ. ನಾನು ಒಂದು ಮಾತಾಡಿದ್ನಾ ಅವತ್ತು?"

ಟ್ಸಿರಾ ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು.

"ನಮ್ಮ ಕಾರಲ್ಲಿ ಇದೆಯಾ?"

"ನಮ್ಮದು ಜರ್ಮನಿದು," ಅಂದ ಮಾಲ್ಖಾಜ್.

"ಅದಕ್ಕೇನಾ ಜರ್ಮನಿದು? ನಾನು ಆಸೆಪಟ್ಟೆ ಅಂತ ಊರಿಗೆಲ್ಲ ಹೇಳಿದ್ದು ಅದಕ್ಕೇನಾ?"

"ನಿನ್ನನ್ನೂ ಮಗೂನೂ ಜೋಪಾನ ಮಾಡೋದೂ ತಪ್ಪಾ ಈಗ?" ಮಾಲ್ಖಾಜ್ ದನಿ ಏರಿತು. "ನಾಲ್ಕು ಹೆಂಗಸರು ತಿನ್ನೋ ಅನ್ನ ಆ ಗ್ಯಾರೇಜಿಂದ ಬರುತ್ತೆ. ಅಮ್ಮ ಹೋಗಿ ಹೇಳಲಿ, ಹೇಳಿ ನೋಡಲಿ. ಝಾಝಾ ನೆಟ್ಟಗೆ ಕಾರು ಸಂತೆಗೆ ಹೋಗಿ ನನ್ನ ಹೆಸರು ಹಿಡಿದು ಕೂಗ್ತಾನೆ. ಆಮೇಲೆ ಒಂದು ಕಾರು ಮಾರ್ತೀನಾ ನಾನು? ಈ ಮೊಟ್ಟೆಗೆ ಬಣ್ಣಾನೂ ಸಿಗಲ್ಲ ಈ ಮನೇಲಿ."

ಆಮೇಲೆ ಅವನೇ ತಣ್ಣಗಾದ. ಅಮ್ಮನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ.

"ಇಪ್ಪತ್ತು ದಿನ ಕೊಡಮ್ಮ. ಹಡಗು ಬರುತ್ತೆ. ಎಣ್ಣೆ ಬದಲಾಯಿಸ್ತೀನಿ ಅಂತ ಕಾರು ಕರೆಸಿ ಎರಡೂ ಹಾಕಿಬಿಡ್ತೀನಿ. ನೀನು ತೆಳು ದಾರದಲ್ಲಿ ಹೊಲಿದುಕೊಡು. ಅವಳಿಗೆ ಗೊತ್ತೇ ಆಗಲ್ಲ. ಸರೀನಾ?"

ಲಮಾರಾಳ ಎದೆಯ ಮೇಲಿಂದ ಕಲ್ಲು ಇಳಿದ ಹಾಗಾಯಿತು. ಯಾರಿಗೂ ನೋವಿಲ್ಲ, ಯಾರಿಗೂ ತಿಳಿಯದು, ತಪ್ಪು ತಿದ್ದಿದ ಹಾಗೂ ಆಯಿತು. "ಸರಿ," ಅನ್ನಲು ಬಾಯಿ ತೆರೆದಳು.

"ಇಪ್ಪತ್ತು ದಿನ ಆ ಹುಡುಗಿ ಶಾಲೆಗೆ ನಡ್ಕೊಂಡು ಹೋಗ್ತಾಳಾ?" ಅಂದಳು ವೆನೆರಾ, ಕುರಿಮಾಂಸದ ಮೂಳೆಯನ್ನು ತಟ್ಟೆಯಲ್ಲಿಟ್ಟು.

"ಅಜ್ಜಿ, ನಿಂಗೆ ಕೇಳಿಸುತ್ತಾ?"

"ಇಂಥದ್ದು ಕೇಳಿಸುತ್ತೆ."

ಟ್ಸಿರಾ ಎದ್ದು ಹೋಗಿ ಜರ್ಮನಿ ಕಾರಿನ ಬೀಗದಕೈ ತಂದು ಗಂಡನ ತಟ್ಟೆಯ ಪಕ್ಕ ಇಟ್ಟಳು. "ಮಾರು. ಆ ದುಡ್ಡಲ್ಲಿ ಹಾಕು."

"ಟಾಸೊನ ಯಾವುದ್ರಲ್ಲಿ ಕರ್ಕೊಂಡು ಹೋಗ್ತೀಯ?"

"ಬಸ್ಸಲ್ಲಿ. ಬಸ್ಸಲ್ಲಿ ಜನ ಹೋಗಲ್ವಾ?"

ಬೀಗದಕೈ ಮಾರನೇ ದಿನವೂ ಅಲ್ಲೇ ಇತ್ತು, ಅದರ ಮಾರನೇ ದಿನವೂ. ಮಾಲ್ಖಾಜ್ ಅದನ್ನು ಮುಟ್ಟಲೂ ಇಲ್ಲ, ತೆಗೆದಿಡಲೂ ಇಲ್ಲ. ಊಟಕ್ಕೆ ಕೂತವರು ಅದರ ಸುತ್ತ ತಟ್ಟೆ ಇಟ್ಟುಕೊಂಡು ಉಂಡು ಏಳುತ್ತಿದ್ದರು. ಗಂಡ ಹೆಂಡತಿ ಮಾತಾಡುತ್ತಿರಲಿಲ್ಲ, ಉಪ್ಪು ಬೇಕಾದರೆ ಟಾಸೊಳ ಕೈಯಲ್ಲಿ ಕೇಳಿಸುತ್ತಿದ್ದರು. ರಜೆ ಮುಗಿದು ಶಾಲೆ ಶುರುವಾಯಿತು. ಬೆಳಿಗ್ಗೆ ಏಳೂವರೆಗೆ, ಖಾತುನಾ ಹೊರಡುವ ಹೊತ್ತಿಗೆ, ಲಮಾರಾ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದಳು. ಎಂಟು ಗಂಟೆಗೆ ಫೋನ್ ಮಾಡಿ "ಶಾಲೆ ಮುಟ್ಟಿದ್ಯಾ?" ಅನ್ನುತ್ತಿದ್ದಳು.

"ಮುಟ್ಟಿದೆ ನಾತ್ಲಿಯಾ. ಬಸುರಿಯಾದ್ರೆ ಇಷ್ಟು ಉಪಚಾರ ಇರುತ್ತೆ ಅಂತ ಗೊತ್ತಿದ್ರೆ ಮೊದಲೇ ಆಗ್ತಿದ್ದೆ."

ಶನಿವಾರ ಬೆಳಿಗ್ಗೆ ಲಮಾರಾ ಹೊಲಿಗೆಯ ಸಣ್ಣ ಕತ್ತರಿಯನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟಳು. ಅಂಗಳದಲ್ಲಿ ಮಾಲ್ಖಾಜ್ ಎದುರಾದ. ಎಲ್ಲಿಗೆ ಅಂತ ಕೇಳಲಿಲ್ಲ. ಗೇಟು ದಾಟುವವರೆಗೂ ಅವಳ ಬೆನ್ನು ನೋಡುತ್ತ ನಿಂತಿದ್ದ, ತಡೆಯಲಿಲ್ಲ.

ಖಾತುನಾಳ ಮನೆಯ ಕೆಳಗೆ ನೀಲಿ ಕಾರು ನಿಂತಿತ್ತು. ಝಾಝಾ ಕೆಲಸಕ್ಕೆ ಹೋಗಿದ್ದ. ಖಾತುನಾ ಚಪ್ಪಲಿಯಲ್ಲೇ ಇಳಿದು ಬಂದಳು.

"ಮೇಲೆ ಬನ್ನಿ, ಯಾಕೆ ಇಲ್ಲೇ ನಿಂತಿದೀರಿ?"

"ಕಾರಿನ ಬಾಗಿಲು ತೆಗಿ ಮಗಳೇ."

ಬಾಗಿಲು ತೆರೆದದ್ದೇ ಲಮಾರಾ ಮುಂದಿನ ಸೀಟಿನಲ್ಲಿ ಕೂತು ಹೊಲಿಗೆಗೆ ಕತ್ತರಿ ಇಟ್ಟಳು. ಗಟ್ಟಿ ದಾರ, ಸುಲಭಕ್ಕೆ ಬಿಡಲಿಲ್ಲ. ಒಂದೊಂದೇ ಎಳೆ ಕತ್ತರಿಸಿದಳು. ಖಾತುನಾ "ನಾತ್ಲಿಯಾ, ಏನು ಮಾಡ್ತಿದೀರಿ?" ಅಂತ ಎರಡು ಸಲ ಕೇಳಿದಳು. ಚರ್ಮದಂಥ ಹೊದಿಕೆ ಬಿಚ್ಚಿಕೊಂಡಿತು. ಲಮಾರಾ ಬೆರಳು ಹಾಕಿ ಒಳಗಿನ ಹಳದಿ ತುಂಡನ್ನು ಈಚೆ ಎಳೆದು ಖಾತುನಾಳ ಕೈಗೆ ಕೊಟ್ಟಳು.

"ಇದೇನು?"

"ಸೋಫಾದ ಸ್ಪಂಜು. ಏರ್‌ಬ್ಯಾಗ್ ಇರಬೇಕಾದ ಜಾಗ ಇದು. ಇಲ್ಲ. ಸ್ಟೀರಿಂಗಲ್ಲೂ ಇಲ್ಲ. ನೀನು ಬಂದು ಕೇಳಿದ ದಿನಾನೇ ನಂಗೆ ಗೊತ್ತಿತ್ತು."

ಖಾತುನಾ ಸ್ಪಂಜನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳು ಕೂಗಾಡಿದ್ದರೆ ಲಮಾರಾಗೆ ಬದುಕಿದೆ ಅನ್ನಿಸುತ್ತಿತ್ತು.

"ತೆರಿಗೆ ವಿಷಯ ಹೇಳಿದ್ರಿ," ಅಂದಳು.

"ಹೇಳಿದೆ."

"ವಿಮೆ ಹೇಳಿದ್ರಿ. ಕೂಲಿ ಹೇಳಿದ್ರಿ. ಕೆಂಪು ದೀಪದ ವಿಷಯಾನೂ ಹೇಳಿದ್ರಿ."

"ಹೇಳಿದೆ ಮಗಳೇ. ಇದೊಂದು ಹೇಳಲಿಲ್ಲ. ಮಾಲ್ಖಾಜ್ ಹಾಕ್ತಾನೆ, ಹಾಕ್ದೆ ಇದ್ರೆ ನಾನೇ ಮೈ ಮುರಿದು ದುಡಿದಾದ್ರೂ ಹಾಕಿಸ್ತೀನಿ. ನನ್ನನ್ನ ಬೈಯಿ, ಹೊಡಿ..."

"ನಾನು ಅದನ್ನೆಲ್ಲ ಬಾಯಿಪಾಠ ಮಾಡ್ಕೊಂಡಿದ್ದೆ ನಾತ್ಲಿಯಾ," ಅಂದಳು ಖಾತುನಾ, ಅವಳ ಮಾತು ಕೇಳಿಸದವಳ ಹಾಗೆ. "ಅಷ್ಟು ಚೆನ್ನಾಗಿ ಹೇಳಿದ್ರಿ. ಶಾಲೇಲಿ ಟೀಚರುಗಳ ಕೋಣೇಲಿ ಎಲ್ಲರಿಗೂ ಹೇಳಿದೆ, ಅಮೆರಿಕದ ಕಾರು ಯಾಕೆ ಅಗ್ಗ ಅಂತ. ಲಿಯಾನಾ ಅಂತ, ಲೆಕ್ಕ ಹೇಳಿಕೊಡೋಳು, ಅವಳೂ ಬಂದು ಮಾಲ್ಖಾಜ್ ಹತ್ರ ತಗೊಂಡ್ಳು. ಬೆಳ್ಳಿ ಬಣ್ಣದ್ದು."

ಬೆಳ್ಳಿ ಬಣ್ಣದ್ದು. ಬೂದು ಡ್ಯಾಶ್‌ಬೋರ್ಡು. ಲಮಾರಾಳ ಬೆರಳುಗಳಿಗೆ ಆ ಹೊಲಿಗೆಯ ನೆನಪಿತ್ತು.

"ಅವಳಿಗೆ ಮೂರು ಮಕ್ಕಳು," ಅಂದಳು ಖಾತುನಾ.

"ಫೋನ್ ಮಾಡು. ಈಗಲೇ ಮಾಡು."

"ನಾನು ಮಾಡಲ್ಲ. ನನ್ನ ಬಾಯಿಂದ ಒಂದ್ಸಲ ಹೋಗಿದ್ದು ಸಾಕು. ನೀವೇ ಹೇಳಿ, ಮುಖ ನೋಡಿ ಹೇಳಿ." ಅವಳು ಸುತ್ತು ಬಂದು ಎಡಗಡೆ ಸ್ಟೀರಿಂಗಿನ ಹಿಂದೆ ಕೂತಳು.

"ಬೇಡ ಮಗಳೇ, ನೀನು ಓಡಿಸಬೇಡ. ಬಸ್ಸಲ್ಲಿ ಹೋಗ್ತೀನಿ."

"ಶನಿವಾರ ಅವಳ ಹಳ್ಳಿ ಕಡೆ ಬಸ್ಸಿಲ್ಲ."

"ನಡೀತೀನಿ. ಹದಿನೆಂಟು ಕಿಲೋಮೀಟರ್ ತಾನೇ, ನಡೀತೀನಿ. ನಿನ್ನ ಕಾಲಿಗೆ ಬೀಳ್ತೀನಿ, ನೀನು ಇಳಿ."

"ಎರಡು ತಿಂಗಳಿಂದ ಓಡಿಸ್ತಿದೀನಲ್ಲ," ಅಂದಳು ಖಾತುನಾ. "ಅವಾಗ ಬೇಡ ಅನ್ನಲಿಲ್ಲ."

ಕಾರು ಹೊರಟಿತು. ಖಾತುನಾ ಮೂವತ್ತರ ಮೇಲೆ ಓಡಿಸಲಿಲ್ಲ. ಹಿಂದಿನಿಂದ ಬಂದವರು ಹಾರ್ನ್ ಬಾರಿಸಿ ಬೈದುಕೊಂಡು ಮುಂದೆ ಹೋದರು. ಲಮಾರಾ ಎದುರಿಗೆ ಬಾಯಿ ತೆರೆದು ಕೂತ ಡ್ಯಾಶ್‌ಬೋರ್ಡು ನೋಡುತ್ತ, ಎದುರು ಬರುವ ಒಂದೊಂದು ಲಾರಿಗೂ ಉಸಿರು ಬಿಗಿಹಿಡಿಯುತ್ತ ಕೂತಿದ್ದಳು.

"ಇಂಥವು ಎಷ್ಟು ಹೊಲಿದಿದೀರಿ?" ಅರ್ಧ ದಾರಿಯಲ್ಲಿ ಖಾತುನಾ ಕೇಳಿದಳು.

"ಲೆಕ್ಕ ಇಟ್ಟಿಲ್ಲ."

"ಈಗ ಮಾಡಿ."

ಲಮಾರಾ ಮನಸ್ಸಿನಲ್ಲೇ ಹಿಂದಕ್ಕೆ ಹೋದಳು. ಬೂದು, ಕರಿ, ಕಂದು, ಮತ್ತೆ ಕರಿ. ಕಾರುಗಳು ನೆನಪಾಗುತ್ತಿದ್ದವು, ಕೊಂಡವರ ಮುಖ ಒಂದೂ ನೆನಪಾಗಲಿಲ್ಲ. ಮೂರು ವರ್ಷ ಹಿಂದಕ್ಕೆ ಹೋಗುವುದರೊಳಗೆ ಹಳ್ಳಿ ಬಂತು.

ಲಿಯಾನಾ ಗೇಟಿನ ಹತ್ತಿರ ಸೊಪ್ಪು ಬಿಡಿಸುತ್ತಿದ್ದಳು. ದಪ್ಪನೆಯ, ನಗುಮುಖದ ಹೆಂಗಸು. ಖಾತುನಾ ಕಾರಿನಿಂದ ಇಳಿಯಲಿಲ್ಲ. "ನನ್ನ ನಾತ್ಲಿಯಾ," ಅಂತ ಮಾತ್ರ ಕಿಟಕಿಯಿಂದ ಹೇಳಿದಳು.

"ಅಯ್ಯೋ ನೀವೇನಾ? ಬನ್ನಿ ಬನ್ನಿ. ನೀವು ಖಾತುನಾಗೆ ಅಷ್ಟು ಬಿಡಿಸಿ ಹೇಳಿದ್ದರಿಂದಲೇ ನಮಗೂ ಒಂದು ಕಾರಾಯ್ತು. ನಾನು ಲೆಕ್ಕದ ಟೀಚರು, ನಂಗೇ ಗೊತ್ತಿರಲಿಲ್ಲ ಆ ಲೆಕ್ಕ." ಸೊಪ್ಪಿನ ಕೈ ಒರೆಸಿಕೊಂಡು ಒಳಗೆ ಓಡಿ, ಬಿಸಿ ರೊಟ್ಟಿಯನ್ನೂ ಚೀಸನ್ನೂ ತಂದು ಹೊರಗಿನ ಮೇಜಿನ ಮೇಲೆ ಇಟ್ಟಳು. "ಕೂತ್ಕೊಳ್ಳಿ, ಮೊದಲ ಸಲ ಬಂದಿದೀರಿ, ಬಾಯಿಗೆ ಹಾಕ್ಕೊಳ್ದೆ ಮಾತಿಲ್ಲ."

ಲಮಾರಾ ಕೂರಲಿಲ್ಲ. ಅಂಗಳದ ಆ ತುದಿಯಲ್ಲಿ ಬೆಳ್ಳಿ ಕಾರು ನಿಂತಿತ್ತು. ಮೂರು ಮಕ್ಕಳೂ ಅದರೊಳಗೆ ಡ್ರೈವರ್ ಆಟ ಆಡುತ್ತಿದ್ದರು. ಚಿಕ್ಕ ಹುಡುಗಿ ಮುಂದಿನ ಸೀಟಿನ ಮೇಲೆ ಮಂಡಿಯೂರಿ, ಡ್ಯಾಶ್‌ಬೋರ್ಡಿಗೆ ಗಲ್ಲ ಆನಿಸಿಕೊಂಡಿದ್ದಳು.

"ಮಕ್ಕಳನ್ನ ಕೆಳಗಿಳಿಸಿ," ಅಂದಳು ಲಮಾರಾ.

"ಆಡ್ಕೊಳ್ಳಲಿ ಬಿಡಿ, ನಿಂತಿರೋ ಕಾರಲ್ವಾ? ಎಲ್ಲಿಗೆ ಹೋದ್ರೂ ಚಿಕ್ಕೋಳಿಗೆ ಆ ಸೀಟೇ ಬೇಕು."

"ಇಳಿಸಿ ತಾಯಿ."

ಲಿಯಾನಾ ಅವಳ ಮುಖ ನೋಡಿದಳು. ಮಕ್ಕಳನ್ನು ಕರೆದಳು. ಕರೆದು ಬಂದು, ಇನ್ನೂ ನಗುತ್ತಲೇ, ರೊಟ್ಟಿ ಮುರಿದು ಒಂದು ತುಂಡನ್ನು ಲಮಾರಾಳ ಕಡೆ ಚಾಚಿದಳು.

ಲಮಾರಾ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಮೊದಲು ಕೇಳಿ. ಆಮೇಲೂ ಕೊಡಬೇಕು ಅನ್ನಿಸಿದ್ರೆ ಕೊಡಿ. ಅಮೆರಿಕದ ಕಾರು ಯಾಕೆ ಅಗ್ಗ ಅಂತ ಖಾತುನಾ ನಿಮಗೆ ಹೇಳಿದಳಲ್ಲ, ಅದರಲ್ಲಿ ಒಂದು ಕಾರಣ ನಾನು ಅವಳಿಗೆ ಹೇಳಿರಲಿಲ್ಲ."